ಎರಡು ನಿಮಿಷದ ಕೆನಡಾ

1980ರಲ್ಲಿ ಕೆನಡಾದ ಎಡ್ಮಂಟನ್ ನಗರದ ಒಂದು ಟಿವಿ ಸ್ಟುಡಿಯೊದಲ್ಲಿ ‘ಎಸ್‌ಸಿಟಿವಿ’ ಎಂಬ ಹಾಸ್ಯ ಕಾರ್ಯಕ್ರಮದ ಚಿತ್ರೀಕರಣ ನಡೆಯುತ್ತಿತ್ತು. ಅದೇ ಕಾರ್ಯಕ್ರಮ ಅಮೆರಿಕದಲ್ಲೂ ಪ್ರಸಾರವಾಗುತ್ತಿತ್ತು. ಅಲ್ಲಿ ಜಾಹೀರಾತು ಜಾಸ್ತಿ, ಕೆನಡಾದ ಸಾರ್ವಜನಿಕ ವಾಹಿನಿ ಸಿಬಿಸಿಯಲ್ಲಿ ಕಡಿಮೆ. ಹೀಗಾಗಿ ಕೆನಡಾದ ಕಂತು ಎರಡು ನಿಮಿಷ ಉದ್ದವಿರುತ್ತಿತ್ತು. ಆ ಎರಡು ನಿಮಿಷದಲ್ಲಿ, ನೋಡಿದ ಕೂಡಲೇ ಕೆನಡಾದ್ದು ಅಂತ ಗೊತ್ತಾಗುವಂಥ ಏನಾದರೂ ಇರಲಿ ಎಂದು ವಾಹಿನಿಯ ಕಡೆಯಿಂದ ಬೇಡಿಕೆ ಬಂತು.

ನಟರಾದ ರಿಕ್ ಮೊರಾನಿಸ್ ಮತ್ತು ಡೇವ್ ಥಾಮಸ್ ಅವರಿಗೆ ಪಿತ್ತ ನೆತ್ತಿಗೇರಿತು. ಶೂಟಿಂಗ್ ಇಲ್ಲೇ, ಬರೆಯುವವರು, ನಟಿಸುವವರು ಹೆಚ್ಚಿನವರೆಲ್ಲ ಇಲ್ಲಿಯವರೇ. ಇದಕ್ಕಿಂತ ಕೆನಡಾದ್ದು ಇನ್ನೇನು ಬೇಕಂತೆ? ಗೋಡೆಗೊಂದು ಕೆನಡಾ ನಕ್ಷೆ ತಗುಲಿಹಾಕಿ, ಉಣ್ಣೆ ಟೋಪಿ, ದಪ್ಪ ಕೋಟು ತೊಟ್ಟು, ಬಿಯರ್ ಕುಡಿಯುತ್ತಾ, ಹಂದಿಮಾಂಸ ಹುರಿಯುತ್ತಾ ಕೂತುಬಿಡಬೇಕೇನೋ ಎಂದು ಕುಹಕವಾಡಿದರು. ಕುಹಕವೇ ಕಾರ್ಯಕ್ರಮವಾಯಿತು. ಬಾಬ್ ಮತ್ತು ಡಗ್ ಮೆಕೆಂಜಿ ಎಂಬ ಇಬ್ಬರು ಪೆದ್ದು ಸಹೋದರರು ಹುಟ್ಟಿದರು. ಸ್ಕ್ರಿಪ್ಟ್ ಇಲ್ಲ, ತಯಾರಿ ಇಲ್ಲ. ನಾವು ಮಾತಿನ ಕೊನೆಗೆ ‘ಅಲ್ವಾ’ ಸೇರಿಸಿದ ಹಾಗೆ ಅವರು ಪ್ರತಿ ಮಾತಿನ ಕೊನೆಗೂ ‘ಎಯ್’ ಸೇರಿಸುತ್ತಾ, ಒಬ್ಬರನ್ನೊಬ್ಬರು ಬೈಯುತ್ತಾ ಎರಡು ನಿಮಿಷ ಕಳೆಯುತ್ತಿದ್ದರು. ಕಾರ್ಯಕ್ರಮದಲ್ಲಿ ಶ್ರಮಪಟ್ಟು ಬರೆದ ಭಾಗಗಳೆಲ್ಲ ಹಿಂದೆ ಸರಿದು ಈ ಇಬ್ಬರೇ ಮನೆಮಾತಾದರು. 1981ರಲ್ಲಿ ಅವರ ಆಲ್ಬಮ್ ಬಂತು. ಅದರ ಒಂದು ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 16ನೇ ಸ್ಥಾನಕ್ಕೇರಿತು. 1983ರಲ್ಲಿ ಸಿನಿಮಾನೇ ಬಂತು.

ಸರ್ಕಾರಿ ಆಸೆಗೆ ಇದಕ್ಕಿಂತ ದೊಡ್ಡ ಗೆಲುವಿಲ್ಲ, ಇದಕ್ಕಿಂತ ದೊಡ್ಡ ಅಣಕವೂ ಇಲ್ಲ. ಕೆನಡಾದವರು ‘ಕ್ಯಾನ್‌ಕಾನ್’ ಎಂದು ಮೊಟಕಾಗಿ ಕರೆಯುವ ಸ್ವದೇಶಿ ಪ್ರಸಾರ ನಿಯಮಗಳ ಚರಿತ್ರೆಯುದ್ದಕ್ಕೂ ಈ ಎರಡೂ ಜೊತೆಜೊತೆಗೇ ನಡೆದಿವೆ. ಆ ಚರಿತ್ರೆಯಲ್ಲಿ ಇನ್ನೊಂದು ವಸ್ತುವೂ ಇದೆ: ಗಡಿಯಾರ. ನಮ್ಮದು ಎಷ್ಟು ಎಂದು ಕೇಳಿದಾಗಲೆಲ್ಲ ಕೆನಡಾ ಗಂಟೆ, ನಿಮಿಷಗಳಲ್ಲೇ ಲೆಕ್ಕ ಹೇಳುತ್ತಿತ್ತು. ಗಡಿಯಾರವೇ ಇಲ್ಲದ ಕಾಲ ಬಂದಾಗ ಲೆಕ್ಕ ಹಾಕುವವರಿಗೆ ಕೈಕಟ್ಟಿದಂತಾಯಿತು.

ಕಥೆ ಶುರುವಾಗುವುದು ರೇಡಿಯೊದಿಂದ. 1920ರ ದಶಕದ ಕೆನಡಾದಲ್ಲಿ ಜನ ಕಡಿಮೆ, ನೆಲ ವಿಪರೀತ. ಇರುವ ಜನರಲ್ಲಿ ಬಹುಪಾಲು ಅಮೆರಿಕದ ಗಡಿಗೆ ಅಂಟಿಕೊಂಡಂತೆ ಬದುಕುವವರು. ಗಡಿಯಾಚೆಯ ಬಲಾಢ್ಯ ನಿಲಯಗಳ ದನಿಗೆ ಪಾಸ್‌ಪೋರ್ಟ್ ಬೇಕಿರಲಿಲ್ಲ. ಸಂಜೆಯಾದರೆ ನ್ಯೂಯಾರ್ಕ್, ಶಿಕಾಗೋ ಮನೆಯೊಳಗೇ ಬಂದು ಕೂರುತ್ತಿದ್ದವು. 1928ರಲ್ಲಿ ಸರ್ಕಾರ ಬ್ಯಾಂಕೊಂದರ ಅಧ್ಯಕ್ಷ ಸರ್ ಜಾನ್ ಏರ್ಡ್ ಅವರ ನೇತೃತ್ವದಲ್ಲಿ ಮೂವರ ಆಯೋಗ ನೇಮಿಸಿತು. ಮರುವರ್ಷವೇ ವರದಿ ಕೈಸೇರಿತು: ರೇಡಿಯೊ ಸಾರ್ವಜನಿಕ ಸಂಸ್ಥೆಯ ಕೈಯಲ್ಲಿರಲಿ. ಬ್ಯಾಂಕರ್ ಒಬ್ಬರ ಬಾಯಿಂದ ಈ ಮಾತು ಬಂದದ್ದು ಹಲವರಿಗೆ ಅಚ್ಚರಿ. ಅದೇ 1929ರಲ್ಲಿ ಟೊರಾಂಟೊದ ಎರಡು ದೊಡ್ಡ ನಿಲಯಗಳು ಅಮೆರಿಕದ ಸಿಬಿಎಸ್, ಎನ್‌ಬಿಸಿ ಜಾಲಗಳಿಗೆ ಸೇರಿಕೊಂಡಿದ್ದವು. ಅಂದರೆ ಹೊರಗಿನ ದನಿ ಕದ್ದು ಬರುವ ಅಗತ್ಯವೂ ಇರಲಿಲ್ಲ, ಬಾಗಿಲು ತೆರೆದೇ ಇತ್ತು.

ವರದಿಯನ್ನು ಕಪಾಟಿನಿಂದ ಹೊರಗೆಳೆದವರು ಗ್ರಹಾಂ ಸ್ಪ್ರೈ, ಅಲನ್ ಪ್ಲಾಂಟ್ ಎಂಬ ಇಬ್ಬರು ಯುವಕರು. ಕೆನಡಿಯನ್ ರೇಡಿಯೊ ಲೀಗ್ ಕಟ್ಟಿ ಊರೂರಿನ ಸಂಘಗಳನ್ನು ಎಬ್ಬಿಸಿದರು. ನಿಮಗೆ ಸ್ಟೇಟ್ ಬೇಕೋ, ಯುನೈಟೆಡ್ ಸ್ಟೇಟ್ಸ್ ಬೇಕೋ ಎಂದು 1932ರಲ್ಲಿ ಸಂಸದೀಯ ಸಮಿತಿಯ ಮುಂದೆ ಸ್ಪ್ರೈ ಕೇಳಿದ ಪ್ರಶ್ನೆಯನ್ನು ಕೆನಡಾದಲ್ಲಿ ಇಂದಿಗೂ ನೆನೆಯುತ್ತಾರೆ. 1936ರ ನವೆಂಬರ್ 2ರಂದು ಸಿಬಿಸಿ ಹುಟ್ಟಿತು. 1952ರಲ್ಲಿ ಮಾಂಟ್ರಿಯಲ್ ಮತ್ತು ಟೊರಾಂಟೊದಲ್ಲಿ ಎರಡು ದಿನಗಳ ಅಂತರದಲ್ಲಿ ಟಿವಿ ಬಂತು. ಖಾಸಗಿ ಟಿವಿಯವರು ಬಲಿಯುತ್ತಾ ಹೋದಂತೆ ನಿಯಂತ್ರಕರು ಮೊದಲ ಸಲ ಶೇಕಡಾ ಲೆಕ್ಕ ಹಿಡಿದರು. 1961ರಿಂದ ಶೇ 45, ಮರುವರ್ಷದಿಂದ ಶೇ 55 ಕಾರ್ಯಕ್ರಮ ಕೆನಡಾದ್ದಾಗಿರಬೇಕು. ಆದರೆ ‘ಕೆನಡಾದವರಿಗೆ ಆಸಕ್ತಿಯಿರುವ ವಿದೇಶಿ ಘಟನೆ’ಗಳಿಗೂ ಒಂದು ಕಿಂಡಿ ಬಿಟ್ಟಿದ್ದರು. ಆ ಕಿಂಡಿಯಲ್ಲಿ ಅಮೆರಿಕದ ಬೇಸ್‌ಬಾಲ್ ವರ್ಲ್ಡ್ ಸೀರೀಸ್ ನುಸುಳಿ ಕೆನಡಾದ ಕಾರ್ಯಕ್ರಮ ಎನಿಸಿಕೊಂಡಿತು.

ನಿಜವಾದ ಪೆಟ್ಟು ಬಿದ್ದದ್ದು ಹಾಡಿಗೆ. 1968ರ ಪ್ರಸಾರ ಕಾಯ್ದೆಯಡಿ ಸಿಆರ್‌ಟಿಸಿ ಎಂಬ ಹೊಸ ಆಯೋಗ ಬಂತು. ಅದರ ಮೊದಲ ಅಧ್ಯಕ್ಷ ಪಿಯರ್ ಜುನೋ ಕ್ವಿಬೆಕ್‌ನವರು, ಸಿನಿಮಾ ಮಂಡಳಿಯಲ್ಲಿ ಪಳಗಿದವರು. ಬೆಳಗಿನ ಆರರಿಂದ ನಡುರಾತ್ರಿಯವರೆಗೆ ಎಎಂ ರೇಡಿಯೊದಲ್ಲಿ ಹಾಕುವ ಹಾಡುಗಳಲ್ಲಿ ಶೇ 30 ಕೆನಡಾದ್ದಾಗಿರಬೇಕು ಎಂದು ಅವರ ಆಯೋಗ ಹೇಳಿದಾಗ ನಿಲಯಗಳ ಮಾಲೀಕರು ಹುಯಿಲೆಬ್ಬಿಸಿದರು. ಅಷ್ಟು ರೆಕಾರ್ಡುಗಳಾದರೂ ಎಲ್ಲಿವೆ? ಇದ್ದರೂ ಕೇಳುವ ಹಾಗಿವೆಯೇ? ಅವರ ಮಾತು ಪೂರ್ತಿ ಸುಳ್ಳಾಗಿರಲಿಲ್ಲ. ಹಾಡು ಹಾಕದ ಕಾರಣ ರೆಕಾರ್ಡ್ ಆಗುತ್ತಿರಲಿಲ್ಲ, ರೆಕಾರ್ಡ್ ಆಗದ ಕಾರಣ ಹಾಡು ಹಾಕುತ್ತಿರಲಿಲ್ಲ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಅನ್ನುವ ಪರಿಸ್ಥಿತಿ. ಈ ವಾದ ನಡೆಯುತ್ತಿದ್ದ 1970ರ ಮೇ ತಿಂಗಳಲ್ಲೇ ವಿನಿಪೆಗ್‌ನ ‘ದಿ ಗೆಸ್ ಹೂ’ ತಂಡದ ‘ಅಮೆರಿಕನ್ ವುಮನ್’ ಹಾಡು ಬಿಲ್‌ಬೋರ್ಡ್‌ನ ಮೊದಲ ಸ್ಥಾನದಲ್ಲಿ ಕೂತಿತ್ತು. ಗಡಿಯಾಚೆ ಮೆರೆದ ಮೇಲೆ ಮನೆಯಲ್ಲಿ ಮನ್ನಣೆ ಸಿಗುವುದು ಕೆನಡಾದ ಗಾಯಕರಿಗೆ ಹೊಸದಲ್ಲ. ಇದು ನಮಗೂ ಪರಿಚಿತ ರೋಗ.

1971ರ ಜನವರಿ 18ರಂದು ನಿಯಮ ಜಾರಿಗೆ ಬಂತು. ಕೆನಡಾದ ಹಾಡು ಯಾವುದು ಎಂದು ಗುರುತಿಸಲು ನಾಲ್ಕು ಅಂಶ ಇಟ್ಟರು: ಸಂಗೀತ ರಚನೆ, ಕಲಾವಿದ, ಧ್ವನಿಮುದ್ರಣ ನಡೆದ ಜಾಗ, ಸಾಹಿತ್ಯ. ನಾಲ್ಕರಲ್ಲಿ ಎರಡು ಇದ್ದರೆ ಪಾಸು. ಈ ನಾಲ್ಕರ ಇಂಗ್ಲಿಷ್ ಮೊದಲಕ್ಷರ ಸೇರಿಸಿದರೆ ಅಲ್ಲಿನ ಬಾವುಟದ ಮೇಪಲ್ ಎಲೆಯ ಹೆಸರಿನಂತೆಯೇ ಕೇಳುತ್ತದೆ. ಇದನ್ನು ರೂಪಿಸಿದ ಸ್ಟ್ಯಾನ್ ಕ್ಲೀಸ್ ‘ಆರ್‌ಪಿಎಂ’ ಎಂಬ ಸಂಗೀತ ಪತ್ರಿಕೆಯ ಬಳಗದವರು. ರೆಕಾರ್ಡಿನ ಮೇಲೆ ನಾಲ್ಕು ಭಾಗದ ಒಂದು ಪುಟ್ಟ ವೃತ್ತ ಅಚ್ಚಾಗುತ್ತಿತ್ತು. ಯಾವ ಭಾಗ ಕಪ್ಪಾಗಿದೆ ಎಂದು ನೋಡಿದರೆ ಡಿಜೆಗೆ ಲೆಕ್ಕ ಸಿಗುತ್ತಿತ್ತು. ಅದೇ ಪತ್ರಿಕೆ ಕೊಡುತ್ತಿದ್ದ ಪ್ರಶಸ್ತಿಗೆ ಜುನೋ ಅವರ ಗೌರವಾರ್ಥ ‘ಜುನೋ’ ಎಂದೇ ಹೆಸರು ಬಿತ್ತು. ಅಧಿಕಾರಿಯೊಬ್ಬರ ಹೆಸರಲ್ಲಿ ಸಂಗೀತ ಪ್ರಶಸ್ತಿ ಇರುವ ದೇಶ ಬೇರೆಲ್ಲಾದರೂ ಇದೆಯೇ ಎಂದು ಯೋಚಿಸಿದರೆ ನಗು ಬರುತ್ತದೆ.

ಕೋಟಾ ಬಂದ ಮೇಲೆ ಸ್ಟುಡಿಯೊಗಳು ಎದ್ದವು, ರೆಕಾರ್ಡ್ ಕಂಪನಿಗಳು ಕಣ್ಣು ತೆರೆದವು. ಗಾರ್ಡನ್ ಲೈಟ್‌ಫುಟ್, ಆ್ಯನ್ ಮರ್ರೆ ಅವರ ಹಾಡುಗಳು ಕೇಳಿ ಕೇಳಿ ಸವೆಯುವಷ್ಟು ಬಂದವು. ಅದೇ ಹೊತ್ತಿಗೆ ನಿಲಯಗಳು ಗಡಿಯಾರದೊಳಗೇ ಒಂದು ಉಪಾಯ ಹುಡುಕಿದವು. ಶೇ 30 ಹಾಕಬೇಕು, ಸರಿ. ಯಾವ ಹೊತ್ತಿನಲ್ಲಿ? ಕೇಳುಗರು ಹಾಸಿಗೆಯಲ್ಲಿರುವ ಮುಂಜಾನೆ, ಹಾಸಿಗೆಗೆ ಹೋಗುವ ತಡರಾತ್ರಿ. ಈ ಅವಧಿಗೆ ಜನ ‘ಬೀವರ್ ಅವರ್’ ಎಂದು ಹೆಸರಿಟ್ಟರು. ಬೀವರ್ ಎಂದರೆ ನೀರಿನಲ್ಲಿ ಅಣೆಕಟ್ಟು ಕಟ್ಟುವ, ಕೆನಡಾದ ಲಾಂಛನವಾದ ಪ್ರಾಣಿ. ಆಯೋಗ ಮುಂದೆ ಇದಕ್ಕೆ ತಡೆ ಹಾಕಿತು. 1999ರಲ್ಲಿ ಪ್ರಮಾಣ ಶೇ 35ಕ್ಕೇರಿತು.

ಕ್ವಿಬೆಕ್‌ನ ಫ್ರೆಂಚ್ ನಿಲಯಗಳಿಗೆ ಇನ್ನೊಂದು ನಿಯಮವೂ ಇತ್ತು: ಹಾಡುಗಳಲ್ಲಿ ಶೇ 65 ಫ್ರೆಂಚ್ ಆಗಿರಬೇಕು. ಅಲ್ಲಿ ಅಂಕ ಹಾಕುವ ಗೋಜಿಲ್ಲ. ಕಿವಿಗೊಟ್ಟರೆ ಸಾಕು, ಗೊತ್ತಾಗುತ್ತದೆ. ಭಾಷೆಯೇ ಬೇಲಿ. ಕನ್ನಡ ಚಿತ್ರಕ್ಕೆ ಸಬ್ಸಿಡಿ ಕೊಡುವಾಗ ನಮ್ಮ ಸರ್ಕಾರಕ್ಕೂ ಇದೇ ಅನುಕೂಲ. (ಡಬ್ಬಿಂಗ್ ಬಂದ ಮೇಲೆ ಅದೂ ಅಷ್ಟು ಸಲೀಸಾಗಿ ಉಳಿದಿಲ್ಲ, ಆ ಮಾತು ಬೇರೆ.) ಇಂಗ್ಲಿಷ್ ಕೆನಡಾಕ್ಕೆ ಆ ಬೇಲಿ ಇಲ್ಲ. ಪಕ್ಕದ ಮನೆಯವನದ್ದೂ ಅದೇ ಭಾಷೆ, ಹೆಚ್ಚುಕಡಿಮೆ ಅದೇ ಉಚ್ಚಾರ. ಕಿವಿಗೆ ತಿಳಿಯದ್ದನ್ನು ಕಾಗದದ ಮೇಲೆ ಸಾಬೀತು ಮಾಡಬೇಕು. ಕ್ಯಾನ್‌ಕಾನ್‌ನ ಎಲ್ಲ ವಿಚಿತ್ರಗಳ ಬೇರು ಇರುವುದು ಇಲ್ಲೇ ಎಂದು ನನಗನ್ನಿಸುತ್ತದೆ.

ಆ ವಿಚಿತ್ರ ಬಯಲಾದದ್ದು ಬ್ರಯಾನ್ ಆ್ಯಡಮ್ಸ್ ಪ್ರಕರಣದಲ್ಲಿ. ಅವರು ಹುಟ್ಟಿದ್ದು ಒಂಟಾರಿಯೊದ ಕಿಂಗ್‌ಸ್ಟನ್‌ನಲ್ಲಿ, ಹೆಸರು ಮಾಡಿದ್ದು ವ್ಯಾಂಕೂವರ್‌ನಿಂದ. 1991ರಲ್ಲಿ ಬಂದ ಅವರ ‘ವೇಕಿಂಗ್ ಅಪ್ ದ ನೇಬರ್ಸ್’ ಆಲ್ಬಮ್‌ನ ಒಂದು ಹಾಡು ಬ್ರಿಟನ್ನಿನಲ್ಲಿ ಸತತ 16 ವಾರ ಮೊದಲ ಸ್ಥಾನದಲ್ಲಿತ್ತು. ಆದರೆ ಹಾಡುಗಳನ್ನು ಅವರು ಮಟ್ ಲ್ಯಾಂಗ್ ಎಂಬ ವಿದೇಶಿಯ ಜೊತೆ ಸೇರಿ ಬರೆದಿದ್ದರು, ಧ್ವನಿಮುದ್ರಣದ ಬಹುಭಾಗ ಇಂಗ್ಲೆಂಡಿನಲ್ಲಿ ಆಗಿತ್ತು. ಕಲಾವಿದ: ಒಂದು ಅಂಕ. ಸಂಗೀತದಲ್ಲಿ ಪಾಲುದಾರನಿದ್ದಾನೆ, ಸೊನ್ನೆ. ಸಾಹಿತ್ಯ, ಸೊನ್ನೆ. ಜಾಗ, ಸೊನ್ನೆ. ಹೀಗೆ ಜಗತ್ತಿನ ಆ ಹೊತ್ತಿನ ಅತಿ ಪ್ರಸಿದ್ಧ ಕೆನಡಿಯನ್ ತನ್ನ ದೇಶದ ರೇಡಿಯೊಗೆ ವಿದೇಶಿಯಾದ. ಅವರು 1992ರ ಜನವರಿಯಲ್ಲಿ ಬಹಿರಂಗವಾಗಿಯೇ ಸಿಡಿದರು. ಮರುವರ್ಷ, ಪಾಲುದಾರಿಕೆಯಲ್ಲಿ ಬರೆದ ಹಾಡಿನಲ್ಲಿ ಕೆನಡಾದವರ ಪಾಲು ಅರ್ಧವಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯುವಂತೆ ನಿಯಮ ಬದಲಾಯಿತು. ಸೆಲೀನ್ ಡಿಯಾನ್ ಹಾಡಿದ ‘ಟೈಟಾನಿಕ್’ ಚಿತ್ರದ ಹಾಡಿಗೆ ಆ ಭಾಗ್ಯವೂ ಇಲ್ಲ. ಬರೆದವರು, ರಾಗ ಕೂಡಿಸಿದವರು ಅಮೆರಿಕದವರು.

ಟಿವಿ, ಸಿನಿಮಾಗೆ ಹತ್ತು ಅಂಕದ ಪರೀಕ್ಷೆ. ನಿರ್ದೇಶಕರಿಗೆ ಎರಡು, ಬರಹಗಾರರಿಗೆ ಎರಡು, ಮುಖ್ಯ ನಟರಿಗೆ, ಛಾಯಾಗ್ರಾಹಕರಿಗೆ, ಸಂಕಲನಕಾರರಿಗೆ ಒಂದೊಂದು ಹೀಗೆ. ಆರು ಬಂದರೆ ತೇರ್ಗಡೆ, ಆದರೆ ನಿರ್ಮಾಪಕ ಕೆನಡಾದವನೇ ಆಗಿರಬೇಕು. ಮಾರ್ಗರೆಟ್ ಅಟ್‌ವುಡ್ ಕೆನಡಾದ ಅತಿ ದೊಡ್ಡ ಲೇಖಕಿ. ಅವರ ಕಾದಂಬರಿ ಆಧರಿಸಿದ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ ಸರಣಿಯ ಚಿತ್ರೀಕರಣ ನಡೆದದ್ದು ಟೊರಾಂಟೊ ಸುತ್ತಮುತ್ತ. ಆದರೂ ಅದು ಕೆನಡಾದ ಸರಣಿಯಲ್ಲ, ಏಕೆಂದರೆ ಹಣ ಮತ್ತು ಹಕ್ಕು ಅಮೆರಿಕದ ಸ್ಟುಡಿಯೊದ್ದು. ಟೊರಾಂಟೊದ ಚೀನಾ ಮೂಲದ ಹುಡುಗಿಯ ಕಥೆ ಹೇಳುವ, ಅಲ್ಲೇ ಬೆಳೆದ ಡೋಮಿ ಶಿ ನಿರ್ದೇಶಿಸಿದ ಪಿಕ್ಸರ್‌ನ ‘ಟರ್ನಿಂಗ್ ರೆಡ್’ ಚಿತ್ರವೂ ಅಲ್ಲ. ವಾದಿಸುವವರಿಗೆ ಇವೆರಡು ಉದಾಹರಣೆ ನಾಲಿಗೆ ತುದಿಯಲ್ಲೇ ಇರುತ್ತವೆ. ನಿಯಮದ ಪರ ನಿಂತವರ ಉತ್ತರವನ್ನೂ ಕೇಳಬೇಕು: ಲಾಭ ಮತ್ತು ಹಕ್ಕು ಎಲ್ಲಿಗೆ ಹೋಗುತ್ತದೋ ಮುಂದಿನ ಕಥೆ ಯಾವುದೆಂದು ನಿರ್ಧರಿಸುವವರೂ ಅಲ್ಲೇ ಇರುತ್ತಾರೆ. ಇದು ತಳ್ಳಿಹಾಕುವ ಮಾತಲ್ಲ.

ಇಷ್ಟೆಲ್ಲ ನಡೆಯುವಾಗ ಅಂತರ್ಜಾಲ ಬಂತು. 1999ರ ಮೇ ತಿಂಗಳಲ್ಲಿ ಸಿಆರ್‌ಟಿಸಿ, ಇದನ್ನು ನಾವು ನಿಯಂತ್ರಿಸುವುದಿಲ್ಲ ಎಂದು ವಿನಾಯಿತಿ ಕೊಟ್ಟಿತು. ಅಂದಿನ ಇಂಟರ್‌ನೆಟ್‌ನಲ್ಲಿ ಹೆಚ್ಚಿನದು ಬರಿಯ ಅಕ್ಷರ. ಒಂದು ಹಾಡು ಇಳಿಸಿಕೊಳ್ಳುವಷ್ಟರಲ್ಲಿ ಅಡುಗೆ ಮುಗಿಯುತ್ತಿತ್ತು. 2009ರಲ್ಲೂ ವಿನಾಯಿತಿ ಮುಂದುವರಿಯಿತು. ಮರುವರ್ಷವೇ, 2010ರ ಸೆಪ್ಟೆಂಬರ್ 22ರಂದು, ನೆಟ್‌ಫ್ಲಿಕ್ಸ್ ಅಮೆರಿಕದಿಂದ ಹೊರಗೆ ಮೊದಲ ಹೆಜ್ಜೆ ಇಟ್ಟದ್ದು ಕೆನಡಾದಲ್ಲೇ. ಟೊರಾಂಟೊದ ಬೀದಿಯಲ್ಲಿ ಉದ್ಘಾಟನಾ ಸಮಾರಂಭ. ದಾರಿಹೋಕರು ನಿಂತು ಖುಷಿಯಿಂದ ಕ್ಯಾಮೆರಾಗಳ ಮುಂದೆ ಮಾತಾಡಿದರು. ಸಂಜೆಯ ಹೊತ್ತಿಗೆ ಗುಟ್ಟು ರಟ್ಟಾಯಿತು: ಅವರಲ್ಲಿ ಹಲವರು ಬಾಡಿಗೆ ನಟರು, ಸುಮ್ಮನೆ ಹಾದುಹೋಗುವವರ ಹಾಗೆ ಬಂದು ಉತ್ಸಾಹ ತೋರಿಸಬೇಕು ಎಂದು ಅವರ ಕೈಗೆ ಚೀಟಿ ಕೊಡಲಾಗಿತ್ತು. ಕಂಪನಿ ಕ್ಷಮೆ ಕೇಳಿತು. ಆ ದಿನ ಕೆಲಸ ಸಿಕ್ಕ ಸ್ಥಳೀಯ ನಟರನ್ನು ನೆಟ್‌ಫ್ಲಿಕ್ಸ್‌ನ ಮೊತ್ತಮೊದಲ ಕೆನಡಿಯನ್ ನಿರ್ಮಾಣ ಎಂದರೂ ಸಲ್ಲುತ್ತದೆ.

ತಿಂಗಳಿಗೆ 7.99 ಡಾಲರ್. ಬಾಡಿಗೆ ನಟರು ಬೇಕೇ ಇರಲಿಲ್ಲ, ಜನ ತಾವಾಗಿಯೇ ಮುಗಿಬಿದ್ದರು. ಇಲ್ಲಿ ಗಡಿಯಾರ ನಿಂತಿತು. ಪ್ರೈಮ್ ಟೈಮ್ ಎನ್ನುವುದೇ ಇಲ್ಲದ ಕಡೆ ಪ್ರೈಮ್ ಟೈಮಿನ ಶೇಕಡಾ ಎಷ್ಟು? ಒಂದೇ ಹೊತ್ತಿನಲ್ಲಿ ಲಕ್ಷಾಂತರ ಮನೆಗಳಲ್ಲಿ ಲಕ್ಷಾಂತರ ವಾಹಿನಿಗಳು ನಡೆಯುವಾಗ ಬೀವರ್‌ಗೆ ಯಾವ ಅವಧಿ ಕೊಡುವುದು? 2014ರ ಸೆಪ್ಟೆಂಬರ್‌ನಲ್ಲಿ ಸಿಆರ್‌ಟಿಸಿ ನೆಟ್‌ಫ್ಲಿಕ್ಸನ್ನು ವಿಚಾರಣೆಗೆ ಕರೆದು, ನಿಮಗೆ ಕೆನಡಾದಲ್ಲಿ ಎಷ್ಟು ಚಂದಾದಾರರಿದ್ದಾರೆ, ಇಲ್ಲಿನ ಕಾರ್ಯಕ್ರಮಗಳಿಗೆ ಎಷ್ಟು ಖರ್ಚು ಮಾಡುತ್ತೀರಿ ಎಂದು ಕೇಳಿತು. ನೆಟ್‌ಫ್ಲಿಕ್ಸ್ ಅಂಕಿಅಂಶ ಕೊಡಲಿಲ್ಲ. ಗೂಗಲ್ ಕೂಡ ಕೊಡಲಿಲ್ಲ. ಅಧ್ಯಕ್ಷ ಜಾನ್ ಪಿಯರ್ ಬ್ಲೇ ಅವರ ಆಯೋಗ ಇಬ್ಬರ ಹೇಳಿಕೆಯನ್ನೂ ಕಡತದಿಂದ ತೆಗೆದುಹಾಕಿತು. ನಾಲ್ಕು ದಶಕ ನಿಮಿಷ ನಿಮಿಷದ ಲಾಗ್‌ಬುಕ್ ತರಿಸಿ ನೋಡಿದ ಸಂಸ್ಥೆ, ಬಂದವರನ್ನು ಬರಲೇ ಇಲ್ಲ ಎಂದು ಬರೆದುಕೊಳ್ಳುವಲ್ಲಿಗೆ ಬಂದು ನಿಂತಿತು.

ರಾಜಕಾರಣಿಗಳಿಗೆ ಇದು ಬಿಸಿತುಪ್ಪ. 2015ರ ಚುನಾವಣೆಯ ಹೊತ್ತಿಗೆ ಪ್ರಧಾನಿ ಸ್ಟೀಫನ್ ಹಾರ್ಪರ್ ತನಗೆ ‘ಬ್ರೇಕಿಂಗ್ ಬ್ಯಾಡ್’ ಇಷ್ಟ ಎಂದು ವಿಡಿಯೊ ಬಿಟ್ಟು, ನೆಟ್‌ಫ್ಲಿಕ್ಸ್ ತೆರಿಗೆ ಹಾಕುವುದಿಲ್ಲ ಎಂದು ಮಾತು ಕೊಟ್ಟರು. ಅವರು ಸೋತರೂ ಆ ಭರವಸೆ ಗೆದ್ದವರ ಕೊರಳಿಗೂ ಬಿತ್ತು. 2017ರಲ್ಲಿ ಸಂಸ್ಕೃತಿ ಸಚಿವೆ ಮೆಲನಿ ಜೋಲಿ, ಐದು ವರ್ಷದಲ್ಲಿ ನೆಟ್‌ಫ್ಲಿಕ್ಸ್ 50 ಕೋಟಿ ಡಾಲರ್ ಕೆನಡಾದಲ್ಲಿ ಹೂಡುತ್ತದೆ ಎಂದು ಘೋಷಿಸಿದರು. ಕಾನೂನಲ್ಲ, ಒಪ್ಪಂದ. ಫ್ರೆಂಚ್ ಕಾರ್ಯಕ್ರಮಗಳಿಗೆ ಇಷ್ಟು ಎಂಬ ಖಾತರಿ ಅದರಲ್ಲಿ ಇರಲಿಲ್ಲ. ಕ್ವಿಬೆಕ್ ಕೆಂಡವಾಯಿತು.

ಕೊನೆಗೆ 2020ರ ನವೆಂಬರ್‌ನಲ್ಲಿ ಸ್ಟ್ರೀಮಿಂಗ್ ಸೇವೆಗಳನ್ನೂ ಪ್ರಸಾರ ಕಾನೂನಿನೊಳಗೆ ತರುವ ಸಿ–10 ಮಸೂದೆ ಬಂತು. ಮೊದಲ ಕರಡಿನಲ್ಲಿ ಜನಸಾಮಾನ್ಯರು ಹಾಕುವ ವಿಡಿಯೊಗಳಿಗೆ ವಿನಾಯಿತಿ ಇತ್ತು. 2021ರ ಏಪ್ರಿಲ್‌ನಲ್ಲಿ ಸಮಿತಿಯಲ್ಲಿ ಆ ಒಂದು ಕಲಮು ಮಾಯವಾಯಿತು. ಅಲ್ಲಿಗೆ ದೇಶಕ್ಕೆ ದೇಶವೇ ಮಾತಿಗಿಳಿಯಿತು: ನನ್ನ ಬೆಕ್ಕಿನ ವಿಡಿಯೊಗೂ ಸರ್ಕಾರದ ಅಂಕವೇ? ಮಸೂದೆ ಸೆನೆಟ್‌ನಲ್ಲಿರುವಾಗಲೇ ಚುನಾವಣೆ ಘೋಷಣೆಯಾಗಿ ಅದು ಸತ್ತಿತು. 2022ರ ಫೆಬ್ರುವರಿಯಲ್ಲಿ ಸಿ–11 ಎಂಬ ಹೆಸರಲ್ಲಿ ಮರುಹುಟ್ಟು ಪಡೆಯಿತು.

ಈ ಸಲ ಎದ್ದು ನಿಂತವರು ಯೂಟ್ಯೂಬ್‌ನಲ್ಲಿ ಹೊಟ್ಟೆ ಹೊರೆಯುವ ಕೆನಡಾದ ಹುಡುಗರು, ಹುಡುಗಿಯರು. ಇದು ಯಾರೂ ಎಣಿಸಿರದ ತಿರುವು. ಕಾನೂನು ಯಾರನ್ನು ಕಾಯಲು ಹೊರಟಿತ್ತೋ ಅವರೇ ಬೇಡ ಅಂದರು. ಅವರ ತರ್ಕ ಸರಳವಾಗಿತ್ತು. ಕೆನಡಾದ ವೀಕ್ಷಕನ ಕಣ್ಣಿಗೆ ಬೀಳುವ ಹಾಗೆ ನಮ್ಮ ವಿಡಿಯೊವನ್ನು ನೀವು ಮುಂದೆ ತಳ್ಳುತ್ತೀರಿ. ಬೇಡದವನ ಮುಂದೆ ಬಂದ ವಿಡಿಯೊವನ್ನು ಅವನು ಒತ್ತುವುದಿಲ್ಲ. ಒತ್ತದಿದ್ದರೆ ಅಲ್ಗಾರಿದಮ್ ಇದು ಯಾರಿಗೂ ಬೇಡದ ಸರಕು ಎಂದುಕೊಂಡು ಇಡೀ ಜಗತ್ತಿನಲ್ಲಿ ಅದನ್ನು ಕೆಳಕ್ಕೆ ತಳ್ಳುತ್ತದೆ. ನಮ್ಮ ನೋಡುಗರಲ್ಲಿ ಹೆಚ್ಚಿನವರು ಇರುವುದೇ ಕೆನಡಾದ ಹೊರಗೆ. ಹಳೆಯ ರೇಡಿಯೊ ಕೇಳುಗನ ಮೇಲೆ ಸೇಡು ತೀರಿಸಿಕೊಳ್ಳುತ್ತಿರಲಿಲ್ಲ, ಅವನು ಬೇಸರಪಟ್ಟದ್ದು ಅದಕ್ಕೆ ಗೊತ್ತೂ ಆಗುತ್ತಿರಲಿಲ್ಲ. ಈ ಯಂತ್ರಕ್ಕೆ ಎಲ್ಲ ಗೊತ್ತಾಗುತ್ತದೆ. ಅಲ್ಗಾರಿದಮ್ ಹೀಗೇ ಇರಬೇಕು ಎಂದು ಆಯೋಗ ಆದೇಶಿಸುವಂತಿಲ್ಲ ಎಂದು ಕಾನೂನಿನಲ್ಲೇ ಬರೆದಿದ್ದರೂ ಅವರಿಗೆ ಸಮಾಧಾನವಾಗಲಿಲ್ಲ. ಸಂಗೀತಗಾರರ, ಬರಹಗಾರರ, ನಿರ್ಮಾಪಕರ ಸಂಘಗಳು ಎದುರು ಸಾಲಿನಲ್ಲಿ ಕೂತು, ಟಿವಿ ಕಂಪನಿಗಳು ಕೊಡುವುದನ್ನು ಇವರೂ ಕೊಡಲಿ, ಅಷ್ಟೇ ಎಂದರು. 2023ರ ಏಪ್ರಿಲ್ 27ರಂದು ಸಿ–11ಕ್ಕೆ ಅಂಕಿತ ಬಿದ್ದು ಅದು ಆನ್‌ಲೈನ್ ಸ್ಟ್ರೀಮಿಂಗ್ ಕಾಯ್ದೆಯಾಯಿತು. 1991ರ ಪ್ರಸಾರ ಕಾಯ್ದೆಗೆ 32 ವರ್ಷದ ಮೇಲೆ ಆದ ದೊಡ್ಡ ತಿದ್ದುಪಡಿ ಅದು.

2024ರ ಜೂನ್ 4ರಂದು ಸಿಆರ್‌ಟಿಸಿ ಮೊದಲ ದೊಡ್ಡ ಆದೇಶ ಕೊಟ್ಟಿತು. ಅದರಲ್ಲಿ ಗಂಟೆಯೂ ಇಲ್ಲ, ನಿಮಿಷವೂ ಇಲ್ಲ. ಕೆನಡಾದಲ್ಲಿ ವರ್ಷಕ್ಕೆ 2.5 ಕೋಟಿ ಡಾಲರ್ ಅಥವಾ ಹೆಚ್ಚು ಗಳಿಸುವ, ಅಲ್ಲಿನ ಪ್ರಸಾರ ಕಂಪನಿಗಳಿಗೆ ಸೇರದ ಸ್ಟ್ರೀಮಿಂಗ್ ಸೇವೆಗಳು ತಮ್ಮ ಆದಾಯದ ಶೇ 5 ಕೊಡಬೇಕು. ಆ ಹಣ ಕಾರ್ಯಕ್ರಮ ನಿರ್ಮಾಣದ ನಿಧಿಗಳಿಗೆ, ಸ್ಥಳೀಯ ಸುದ್ದಿಗೆ, ಆದಿವಾಸಿ ಸಮುದಾಯಗಳ ಚಿತ್ರಗಳಿಗೆ, ಫ್ರೆಂಚ್ ಸಂಗೀತಕ್ಕೆ ಹಂಚಿಕೆಯಾಗಬೇಕು. ಒಟ್ಟು ವರ್ಷಕ್ಕೆ ಸುಮಾರು 20 ಕೋಟಿ ಡಾಲರ್ ಎಂದು ಅಂದಾಜು. ಕೆನಡಾದ ದೊಡ್ಡ ಖಾಸಗಿ ಟಿವಿ ಸಮೂಹಗಳು ಆದಾಯದ ಶೇ 30ರಷ್ಟನ್ನು ಸ್ವದೇಶಿ ಕಾರ್ಯಕ್ರಮಗಳಿಗೆ ಖರ್ಚು ಮಾಡಬೇಕಿದ್ದುದರ ಪಕ್ಕದಲ್ಲಿಟ್ಟರೆ ಶೇ 5 ಸಣ್ಣದು. ಆದರೂ ಅಮೆಜಾನ್, ಆ್ಯಪಲ್, ಸ್ಪಾಟಿಫೈ ಕೋರ್ಟ್ ಮೆಟ್ಟಿಲೇರಿದವು. ಅದೇ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಪಾವತಿಗೆ ತಡೆ ಕೊಟ್ಟು, 2025ರ ಜೂನ್‌ನಲ್ಲಿ ವಾದ ಆಲಿಸಿತು.

ಆ ಜೂನ್ ಒಟ್ಟಾವಾ ಪಾಲಿಗೆ ಒಳ್ಳೆಯದಾಗಿರಲಿಲ್ಲ. ಟೆಕ್ ಕಂಪನಿಗಳ ಮೇಲಿನ ಡಿಜಿಟಲ್ ಸೇವಾ ತೆರಿಗೆಯ ನೆಪದಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ವ್ಯಾಪಾರ ಮಾತುಕತೆಯನ್ನೇ ಮುರಿದರು. ಎರಡೇ ದಿನದಲ್ಲಿ ಪ್ರಧಾನಿ ಮಾರ್ಕ್ ಕಾರ್ನಿ ತೆರಿಗೆ ಕೈಬಿಟ್ಟರು. ಅದು ಬೇರೆ ಕಾನೂನು, ಆದರೆ ಸ್ಟ್ರೀಮಿಂಗ್ ಕಾಯ್ದೆಯ ಮೇಲೂ ವಾಷಿಂಗ್ಟನ್‌ಗೆ ಕಣ್ಣಿದೆ. ಪ್ರಸಾರದ ವಿಷಯದಲ್ಲಿ ಅಮೆರಿಕ ಎಷ್ಟು ಆಳಕ್ಕೆ ಇಳಿಯಬಲ್ಲದು ಎಂಬುದಕ್ಕೆ ಹಳೆಯ ಸಾಕ್ಷಿಯೂ ಇದೆ. ಸೂಪರ್ ಬೌಲ್ ಫುಟ್‌ಬಾಲ್ ಪಂದ್ಯದ ನಡುವೆ ಅಮೆರಿಕದ ಜಾಹೀರಾತು ಬರಬೇಕೋ, ಕೆನಡಾದ್ದೋ ಎಂಬ ಜಗಳ ಕೆನಡಾದ ಸುಪ್ರೀಂ ಕೋರ್ಟ್ ತನಕ ಹೋಗಿ 2019ರ ಡಿಸೆಂಬರ್‌ನಲ್ಲಿ ತೀರ್ಪಾಯಿತು. ಅಷ್ಟೇ ಅಲ್ಲ, ಮೂರು ದೇಶಗಳ ಹೊಸ ವ್ಯಾಪಾರ ಒಪ್ಪಂದದಲ್ಲೂ ಅದಕ್ಕೊಂದು ಕಲಮು ಸಿಕ್ಕಿತು. ತಮಾಷೆಯೆಂದರೆ ಅಮೆರಿಕದ ಫುಟ್‌ಬಾಲ್ ಲೀಗ್ ಹೋರಾಡಿದ್ದು ಕೆನಡಾದ ಜಾಹೀರಾತಿನ ಪರವಾಗಿ. ಪ್ರಸಾರದ ಹಕ್ಕು ಮಾರಿ ದುಡ್ಡು ಪಡೆಯುವವರಿಗೆ ಸ್ವದೇಶಿಯೂ ಪ್ರಿಯವೇ.

ಇತ್ತ ಅಂಕಪಟ್ಟಿಯ ರಿಪೇರಿಯೂ ನಡೆದಿದೆ. 2025ರ ನವೆಂಬರ್‌ನಲ್ಲಿ ಆಯೋಗ ಟಿವಿ ಕಾರ್ಯಕ್ರಮಗಳ ವ್ಯಾಖ್ಯೆ ಬದಲಿಸಿ, ಸರಣಿಯ ಪೂರ್ತಿ ಹೊಣೆ ಹೊರುವ ಷೋರನ್ನರ್‌ಗೂ ಜಾಗ ಕೊಟ್ಟಿತು. ಅಂಕ ಸಿಗುವ ಹುದ್ದೆಯಲ್ಲಿ ಮನುಷ್ಯರೇ ಇರಬೇಕು, ಎಐ ಅಲ್ಲ ಎಂದೂ ಹೇಳಿತು. ಕೆನಡಾದವನೇ ಎಂದು ಕೇಳುತ್ತಿದ್ದ ಪಟ್ಟಿ ಈಗ ಮನುಷ್ಯನೇ ಎಂದೂ ಕೇಳತೊಡಗಿದೆ. ಸ್ವದೇಶಿಯ ಚಿಂತೆ ಕೆನಡಾಕ್ಕಷ್ಟೇ ಸೀಮಿತವಲ್ಲ: ಆ ವರ್ಷದ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಬಜೆಟ್‌ನಲ್ಲೂ ಕನ್ನಡ ಚಿತ್ರಗಳಿಗೆ ಸರ್ಕಾರದ್ದೇ ಒಟಿಟಿ ವೇದಿಕೆಯ ಮಾತು ಬಂದದ್ದನ್ನು ಓದುಗರು ಮರೆತಿರಲಾರರು.

ಎಡ್ಮಂಟನ್‌ನಲ್ಲಿ, ಐಸ್ ಹಾಕಿ ಕ್ರೀಡಾಂಗಣದ ಹತ್ತಿರ, 2020ರ ಮಾರ್ಚ್‌ನಿಂದ ಬೆಂಚಿನ ಮೇಲೆ ಇಬ್ಬರು ಕಂಚಿನ ಮನುಷ್ಯರು ಕೂತಿದ್ದಾರೆ. ಉಣ್ಣೆ ಟೋಪಿ, ದಪ್ಪ ಕೋಟು. ವಾಹಿನಿಯ ಎರಡು ನಿಮಿಷದ ಬೇಡಿಕೆಗೆ ಸಿಟ್ಟಾಗಿ ಹುಟ್ಟಿದ ಬಾಬ್ ಮತ್ತು ಡಗ್. ಜೊತೆಗೆ ಕೂತು ಫೋಟೊ ತೆಗೆಸಿಕೊಳ್ಳಲು ಜಾಗವಿದೆ.